ಕೂಡುವುದಷ್ಟೇ ಬಲ್ಲ ಯಂತ್ರ

ಕೇಳುಗರಿಗೆ ನಮಸ್ಕಾರ.

ವಾಷಿಂಗ್ಟನ್ನಿನಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿದ ಅಮೆರಿಕ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ಅದರ ಸಂಗ್ರಹದಲ್ಲಿ ಅಂಗೈ ಅಗಲದ ಒಂದು ಕ್ಯಾಲ್ಕುಲೇಟರ್ ಇದೆ. ಹೆಸರು ಎಚ್‌ಪಿ-35. ಹ್ಯೂಲೆಟ್-ಪ್ಯಾಕರ್ಡ್ ಕಂಪನಿ 1972ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಮೈಮೇಲೆ 35 ಗುಂಡಿಗಳು, ಹಾಗಾಗಿ ಆ ಹೆಸರು. ಆಗಿನ ಬೆಲೆ 395 ಡಾಲರ್.

ಇಂಥ ವಸ್ತುವನ್ನು ನೋಡಿದವರು, 'ನನ್ನ ಮೊಬೈಲ್ ಇದಕ್ಕಿಂತ ಎಷ್ಟೋ ಚುರುಕು' ಎಂದು ನಕ್ಕು ಮುಂದೆ ಸಾಗುತ್ತಾರೆ. ಚುರುಕು, ಒಪ್ಪಿದೆ. ದಯವಿಟ್ಟು ಇನ್ನೊಂದು ನಿಮಿಷ ನಿಲ್ಲಿ. ಈ ಯಂತ್ರಕ್ಕೆ ಕೋನಗಳ ಲೆಕ್ಕದಲ್ಲಿ ಬರುವ ಸೈನ್ ಗೊತ್ತಿಲ್ಲ. ಗುಣಾಕಾರವನ್ನು ಕೂಡುವ ಲೆಕ್ಕವಾಗಿಸುವ ಲಾಗ್, ಅಂದರೆ ಲಾಗರಿದಮ್, ಗೊತ್ತಿಲ್ಲ. ಗುಣಾಕಾರವೂ ಗೊತ್ತಿಲ್ಲ. ಅದಕ್ಕೆ ಬರುವುದು ಕೂಡುವುದು, ಕಳೆಯುವುದು, ಅಂಕಿಗಳನ್ನು ಒಂದು ಸ್ಥಾನ ಪಕ್ಕಕ್ಕೆ ಸರಿಸುವುದು. ಅಷ್ಟೇ!

ಹಾಗಾದರೆ ಸೈನ್ ಗುಂಡಿ ಒತ್ತಿದಾಗ ಉತ್ತರ ಎಲ್ಲಿಂದ ಬರುತ್ತದೆ? ಒಳಗೆ ಕೋಷ್ಟಕ ಇಟ್ಟಿರಬೇಕು ಎನ್ನುತ್ತಾರೆ. ಇಲ್ಲ. ಅದರ ಇಡೀ ಬುದ್ಧಿ ಕೇವಲ 768 ಆದೇಶಗಳಲ್ಲಿ ಅಡಗಿದೆ, ಕೋಷ್ಟಕಕ್ಕೆ ಜಾಗವೆಲ್ಲಿ? ತಕ್ಕಡಿಯಲ್ಲಿ ತೂಗುವುದನ್ನು ನೆನೆಯಿರಿ. ದೊಡ್ಡ ತೂಕದ ಬಟ್ಟು ಇಡುತ್ತೇವೆ, ಹೆಚ್ಚಾದರೆ ತೆಗೆದು ಚಿಕ್ಕದನ್ನು ಇಡುತ್ತೇವೆ. ಈ ಯಂತ್ರ ಕೋನವನ್ನು ಹಾಗೆಯೇ ತೂಗುತ್ತದೆ. ಅದರ ಬಳಿ ಇರುವ ಬಟ್ಟುಗಳು 45 ಡಿಗ್ರಿ, ಸುಮಾರು 5.71 ಡಿಗ್ರಿ, ಸುಮಾರು 0.573 ಡಿಗ್ರಿ, ಹೀಗೆ ಕಿರಿದಾಗುತ್ತ ಹೋಗುತ್ತವೆ. 30 ಡಿಗ್ರಿ ಬೇಕೆ? 45 ಹಿಡಿಸದು. 5.71ನ್ನು ಐದು ಸಲ ಇಟ್ಟರೆ 28.55. ಮೇಲೆ 0.573 ಎರಡು ಸಲ. ಇನ್ನೂ ಉಳಿದದ್ದಕ್ಕೆ ಇನ್ನೂ ಚಿಕ್ಕದು. ಒಂದೊಂದು ಬಟ್ಟು ಇಟ್ಟಂತೆಲ್ಲ ಉತ್ತರವೂ ಒಂದೊಂದು ಹೆಜ್ಜೆ ರೂಪುಗೊಳ್ಳುತ್ತದೆ. ಪ್ರತಿ ಬಟ್ಟಿಗೂ ಬೇಕಾಗುವುದು ಒಂದಿಷ್ಟು ಕೂಡಿಕೆ, ಒಂದಿಷ್ಟು ಸರಿಸುವಿಕೆ. ಈ ಉಪಾಯಕ್ಕೆ ಕಾರ್ಡಿಕ್ ಎಂದು ಹೆಸರು. ಜ್ಯಾಕ್ ವೋಲ್ಡರ್ ಎಂಬ ಎಂಜಿನಿಯರ್ ವಿಮಾನದ ದಿಕ್ಕು ಲೆಕ್ಕ ಹಾಕಲು ಇದನ್ನು ರೂಪಿಸಿ 1959ರಲ್ಲಿ ಪ್ರಕಟಿಸಿದರು. ಹ್ಯೂಲೆಟ್-ಪ್ಯಾಕರ್ಡ್‌ನ ಡೇವ್ ಕಾಕ್ರನ್ ಅದನ್ನು ಜೇಬಿಗೆ ಇಳಿಸಿದರು.

ಲಾಗ್‌ಗೂ ಇದೇ ದಾರಿ. ಅಲ್ಲಿನ ಬಟ್ಟುಗಳು 2, 1.1, 1.01, 1.001 ಮುಂತಾದವುಗಳ ಲಾಗ್‌ಗಳು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಏಕೆಂದರೆ ನನಗೆ ಬಲು ಇಷ್ಟವಾದ ಕಥೆ ಇಲ್ಲೇ ಇದೆ.

ಕ್ಯಾಲ್ಕುಲೇಟರ್ ಸಾವಿರಗಟ್ಟಲೆ ಮಾರಾಟವಾಗುತ್ತಿತ್ತು. ಆಗ ಒಂದು ದೋಷ ಹೊರಬಿತ್ತು. 2.02 ಒತ್ತಿ ಅದರ ಸಹಜ ಲಾಗ್ ತೆಗೆಯಿರಿ. ತಕ್ಷಣ ಲಾಗ್‌ಗೆ ವಿರುದ್ಧ ಲೆಕ್ಕ ಮಾಡುವ ಘಾತದ ಗುಂಡಿ ಒತ್ತಿ ಹಿಂದಕ್ಕೆ ಬನ್ನಿ. ಹೋದ ದಾರಿಯಲ್ಲೇ ಮರಳಿದ ಮೇಲೆ 2.02 ಬರಬೇಕಲ್ಲವೇ? ಯಂತ್ರ 2 ಎಂದು ತೋರಿಸುತ್ತಿತ್ತು, ಕೆಂಪು ಅಕ್ಷರದಲ್ಲಿ, ಸ್ವಲ್ಪವೂ ಅಳುಕಿಲ್ಲದೆ. 2.01ಕ್ಕೆ ಹೀಗಾಗುತ್ತಿರಲಿಲ್ಲ. 2.02ಕ್ಕೇ ಏಕೆ? ಎರಡನ್ನು 1.01ರಿಂದ ಗುಣಿಸಿ ನೋಡಿ: ಸರಿಯಾಗಿ 2.02! ಎರಡೇ ಬಟ್ಟುಗಳಲ್ಲಿ ತೂಕ ಮುಗಿಯುವ ಸಂಖ್ಯೆ ಅದು. ಮರಳುವ ದಾರಿಯಲ್ಲಿ ಆ 1.01 ಎಂಬ ಬಟ್ಟು ಬಿದ್ದುಹೋಗುತ್ತಿತ್ತು. ನೋಡಿದಿರಾ, ಯಂತ್ರ ತಪ್ಪಿದ ಜಾಗವೇ ಅದು ಹೇಗೆ ಲೆಕ್ಕ ಮಾಡುತ್ತದೆ ಎಂಬ ಗುಟ್ಟನ್ನು ಬಿಟ್ಟುಕೊಟ್ಟಿತು. ಅದು ಲಾಗ್ ಬಲ್ಲ ಯಂತ್ರವಾಗಿದ್ದರೆ ಹೀಗೆ ಎಡವುತ್ತಿರಲಿಲ್ಲ. ಅದಕ್ಕೆ ಕೂಡುವುದಷ್ಟೇ ಗೊತ್ತು. ಆ ಹೊತ್ತಿಗೆ ಸುಮಾರು 25,000 ಕ್ಯಾಲ್ಕುಲೇಟರ್‌ಗಳು ಜನರ ಕೈ ಸೇರಿದ್ದವು. ಕಂಪನಿ ಮುಚ್ಚಿಡಲಿಲ್ಲ, ಕೊಂಡವರಿಗೆ ತಿಳಿಸಿ, ಬದಲಿ ಕೊಡುತ್ತೇವೆ ಎಂದಿತು. ತಮಾಷೆ ಏನೆಂದರೆ, ಬಹಳ ಮಂದಿ ಹಿಂದಿರುಗಿಸಲೇ ಇಲ್ಲ. ತಪ್ಪು ಮಾಡುವ ಆ ಯಂತ್ರವನ್ನೇ ಇಟ್ಟುಕೊಂಡರು. ನಾನಾಗಿದ್ದರೂ ಕೊಡುತ್ತಿರಲಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಇದು ಅಂಗಿಯ ಜೇಬಿಗೆ ಹಿಡಿಸಲೇಬೇಕೆಂದು ಹಟ ಹಿಡಿದವರು ಕಂಪನಿಯ ಸ್ಥಾಪಕರಲ್ಲೊಬ್ಬರಾದ ಬಿಲ್ ಹ್ಯೂಲೆಟ್. ಇಷ್ಟು ದುಬಾರಿ ಯಂತ್ರವನ್ನು ಯಾರೂ ಕೊಳ್ಳುವುದಿಲ್ಲ ಎಂದು ಮಾರುಕಟ್ಟೆ ಸಮೀಕ್ಷೆ ಹೇಳಿತ್ತು. ಮೊದಲ ವರ್ಷವೇ ಸುಮಾರು ಒಂದು ಲಕ್ಷ ಮಾರಾಟವಾದವು. ಎಂಜಿನಿಯರುಗಳ ಕೈಯಲ್ಲಿದ್ದ ಸ್ಲೈಡ್ ರೂಲ್, ಅಂದರೆ ಪಟ್ಟಿ ಜಾರಿಸಿ ಲೆಕ್ಕ ಮಾಡುವ ಅಳತೆಪಟ್ಟಿ, ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು.

ಇನ್ನೊಂದು ಮಾತು. ಇದರಲ್ಲಿ ಸಮ ಚಿಹ್ನೆಯ ಗುಂಡಿ ಇಲ್ಲ. 3 ಒತ್ತಿ, ಎಂಟರ್ ಒತ್ತಿ, 4 ಒತ್ತಿ, ಕೊನೆಗೆ ಕೂಡುವ ಗುಂಡಿ ಒತ್ತಬೇಕು: 7. ಆವರಣ ಚಿಹ್ನೆಗಳ ಗೊಡವೆಯಿಲ್ಲ, ರೂಢಿಯಾದವರು ಬೇರೆಯದನ್ನು ಮುಟ್ಟುವುದಿಲ್ಲ. ಅದಕ್ಕಿಂತ ದೊಡ್ಡ ಲಾಭವೆಂದರೆ, ಸಹೋದ್ಯೋಗಿಗಳು ಅದನ್ನು ಎರವಲು ಪಡೆದರೂ ಸಮ ಚಿಹ್ನೆ ಹುಡುಕಿ ಸುಸ್ತಾಗಿ ಕೂಡಲೇ ಹಿಂದಿರುಗಿಸುತ್ತಾರೆ. ನಮಸ್ಕಾರ.