ಮಳೆಗಾಲಕ್ಕೆ ಮುಂಚೆ ನಮ್ಮ ದೋಣಿ ಎಂಜಿನ್ ಬಿಚ್ಚಿದ ದಿನ

ಇದು ಮೇ ಕೊನೇ ವಾರ, ಬೆಳಿಗ್ಗೆ ಆರೂಕಾಲು. ಹಿಂದೆ ಕಾಣ್ತಿರೋದು ಶರಾವತಿ ಹಿನ್ನೀರು, ನಾವಿರೋದು ಸಾಗರ ತಾಲೂಕಿನ ತುಮರಿ ಕಡೆ. ನೀರು ಎಷ್ಟು ಇಳಿದಿದೆ ನೋಡಿ, ಮಳೆಗಾಲದಲ್ಲಿ ನಾವು ದೋಣಿ ಕಟ್ಟೋದು ಅಲ್ಲಿ ಮೇಲೆ ಆ ಮತ್ತಿ ಮರದ ಹತ್ರ, ಈಗ ಅಲ್ಲಿಂದ ಇಲ್ಲಿಗೆ ಟೂಲ್ ಬಾಕ್ಸು ಆಯಿಲ್ ಕ್ಯಾನು ಎಲ್ಲ ಹೊತ್ಕೊಂಡು ನಡ್ಕೊಂಡು ಬರ್ಬೇಕು. ಕೆಸರು ಒಣಗಿ ಬಿರುಕು ಬಿಟ್ಟಿದೆ, ಮಧ್ಯ ಮಧ್ಯ ಆ ಕಪ್ಪು ಬೊಡ್ಡೆಗಳಿವೆಯಲ್ಲ, ಅವು 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆಗಿ ಕಾಡು ಮುಳುಗಿದಾಗಿನವು, ಇವತ್ತಿಗೂ ಗಟ್ಟಿಯಾಗಿವೆ. ನೀರು ಇನ್ನೂ ಕೆಳಗೆ ಇಳಿದ ವರ್ಷ ಹಿರೇಭಾಸ್ಕರ ಅನ್ನೋ ಹಳೇ ಡ್ಯಾಮೇ ಮೇಲೆ ಕಾಣ್ಸತ್ತೆ, ಅದೂ ಇದೇ ನೀರಲ್ಲಿ ಮುಳುಗಿರೋದು.

ಸೇತುವೆ ಆಯ್ತಲ್ಲ, ಇನ್ನು ದೋಣಿ ಎಂತಕ್ಕೆ ಅಂತ ಸುಮಾರು ಜನ ಕೇಳ್ತಾರೆ. 2025ರ ಜುಲೈಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಓಪನ್ ಆಗಿದ್ದು ನಮ್ಮ ಕಡೆಯವ್ರಿಗೆಲ್ಲ ಎಷ್ಟು ದೊಡ್ಡ ಸಮಾಧಾನ ಅಂತ ಹೇಳಕ್ಕಾಗಲ್ಲ, ರಾತ್ರಿ ಹೊತ್ತು ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಬೆಳಗಿನ ಲಾಂಚ್ ತನಕ ಕಾಯೋದು ತಪ್ಪಿತು. ಆದ್ರೆ ನಮ್ಮದೊಂದು ತುಂಡು ಅಡಿಕೆ ತೋಟ ಹಿನ್ನೀರಿನ ಬೇರೆ ಕವಲಿನ ಆಚೆ ದಡದಲ್ಲಿದೆ, ರಸ್ತೆ ಮೇಲೆ ಸುತ್ತು ಬಳಸಿ ಹೋದ್ರೆ ಅರ್ಧ ದಿನ ಅಲ್ಲೇ ಹೋಗತ್ತೆ, ದೋಣಿಲಾದ್ರೆ ಇಪ್ಪತ್ತು ನಿಮಿಷ. ಗೊಬ್ಬರ, ಸುಣ್ಣ, ಕೊನೆ ಕೊಯ್ಲಿನ ಅಡಿಕೆ, ಕೆಲ್ಸದವ್ರು, ಎಲ್ಲ ಇದ್ರಲ್ಲೇ. ಫೈಬರ್ ದೋಣಿ, ಒಳಗಡೆ ಎರಡು ಸಿಲಿಂಡರ್ ಡೀಸೆಲ್ ಎಂಜಿನ್ನು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು.

ಈಗ ಹಲಗೆ ಎತ್ತಿದ್ದೀನಿ, ಇದೇ ಎಂಜಿನ್ ಗೂಡು. ಬಾಯಿ ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ಎಂಜಿನ್ನಿಗೂ ದೋಣಿ ಪಕ್ಕಕ್ಕೂ ಮಧ್ಯ ಒಂದು ಗೇಣು ಜಾಗ, ಹಿಂದುಗಡೆ ಅದೂ ಇಲ್ಲ. ನಮ್ಮನೆಯವ್ರ ಭುಜ ಇದ್ರೊಳಗೆ ಹೋಗಲ್ಲ, ನನ್ನದು ಹೋಗತ್ತೆ, ಹಾಗಾಗಿ ಈ ಕೆಲ್ಸ ನಂದು. ಎಂಜಿನ್ ನನಗೇನು ಹೊಸದಲ್ಲ, ಚಿಕ್ಕವಳಿದ್ದಾಗ ಅಪ್ಪಯ್ಯ ತೋಟದ ಡೀಸೆಲ್ ಪಂಪ್‌ಸೆಟ್ ಬಿಚ್ಚುವಾಗ ಟಾರ್ಚ್ ಹಿಡಿಯೋದು ನಾನೇ, ಡೀಸೆಲ್ ಪೈಪಲ್ಲಿ ಸಿಕ್ಕಿಕೊಂಡ ಏರ್ ತೆಗೆಯೋದು ಅಂದ್ರೆ ಎಂತದು ಅಂತ ಏಳನೇ ಕ್ಲಾಸಿಗೇ ಗೊತ್ತಿತ್ತು.

ಒಳಗೆ ಇಳಿಯೋ ಮುಂಚೆ ಬಳೆ, ಉಂಗುರ, ಕರಿಮಣಿ ಎಲ್ಲ ತೆಗೆದು ಡಬ್ಬಿಗೆ ಹಾಕ್ತೀನಿ, ಜಡೆ ಸುತ್ತಿ ಕಟ್ತೀನಿ. ಇದನ್ನ ದಯವಿಟ್ಟು ಯಾರೂ ಹಗುರ ಮಾಡ್ಬೇಡಿ. ಸ್ಟಾರ್ಟರ್ ಮೋಟಾರಿನ ದಪ್ಪ ವಯರ್ ಇಲ್ಲೇ ಮೊಣಕೈ ಹತ್ರ ಇದೆ, ಬಳೆ ಅದಕ್ಕೂ ಎಂಜಿನ್ ಬಾಡಿಗೂ ಒಟ್ಟಿಗೆ ತಾಗಿದ್ರೆ ಕ್ಷಣದಲ್ಲಿ ಕೆಂಪಗೆ ಕಾದು ಕೈ ಸುಡತ್ತೆ. ಅದಕ್ಕೇ ಬ್ಯಾಟರಿದು ಮೈನಸ್ ಮೊದ್ಲು ಬಿಚ್ಚೋದು. ಆದ್ರೆ ಅದಕ್ಕೂ ಮುಂಚೆ ಒಂದೈದು ನಿಮಿಷ ಎಂಜಿನ್ ಓಡಿಸ್ಬೇಕು, ಆಯಿಲ್ ಬೆಚ್ಚಗಾದ್ರೆ ತೆಳುವಾಗಿ ಸರಾಗ ಬರತ್ತೆ, ಕೆಳಗೆ ಕೂತಿರೋ ಕಸಾನೂ ಜೊತೆಗೇ ಬರತ್ತೆ.

ಆಯಿಲ್ ಕೆಲ್ಸ ಬೇಗ ಹೇಳ್ಬಿಡ್ತೀನಿ. ಗಾಡಿ ಹಾಗೆ ಕೆಳಗಿನ ನಟ್ ಬಿಚ್ಚಿ ಇಳಿಸೋಕೆ ಇಲ್ಲಿ ಆಗಲ್ಲ, ಕೆಳಗೆ ಪಾತ್ರೆ ಇಡೋಕೇ ಜಾಗ ಇಲ್ಲ, ಅದಕ್ಕೆ ಆಯಿಲ್ ಎಷ್ಟಿದೆ ಅಂತ ನೋಡೋ ಕಡ್ಡಿ, ಡಿಪ್‌ಸ್ಟಿಕ್, ಅದರ ತೂತಿಂದ ತೆಳು ಪೈಪ್ ಇಳಿಸಿ ಕೈ ಪಂಪಲ್ಲಿ ಎಳೆಯೋದು. ಎರಡೂವರೆ ಲೀಟರ್ ಬರತ್ತೆ. ಫಿಲ್ಟರ್ ಬಿಚ್ಚುವಾಗ ಅದಕ್ಕೊಂದು ಪ್ಲಾಸ್ಟಿಕ್ ಕವರ್ ಹಾಕಿ ಕವರ್ ಸಮೇತ ತಿರುಗಿಸಿ, ಚೆಲ್ಲೋದೆಲ್ಲ ಅದರೊಳಗೇ ಬೀಳತ್ತೆ. ಹೊಸ ಫಿಲ್ಟರಿನ ರಬ್ಬರ್ ವಾಷರಿಗೆ ಬೆರಳಲ್ಲಿ ಆಯಿಲ್ ಸವರಿ ಕೈಲೇ ಬಿಗಿ ಮಾಡ್ಬೇಕು. ಹಳೇ ಆಯಿಲ್ ಒಂದು ಹನಿನೂ ನೀರಿಗೆ ಬಿಡಲ್ಲ, ಕ್ಯಾನಿಗೆ ತುಂಬಿ ಗ್ಯಾರೇಜಿನ ಡ್ರಮ್ಮಿಗೆ ಕೊಟ್ಟು ಬರ್ತೀವಿ. ಇದೇ ನೀರು ದನ ಕುಡಿಯೋದು, ಇದೇ ನೀರಲ್ಲಿ ಮೀನು ಹಿಡಿಯೋದು.

ಡೀಸೆಲ್ ಫಿಲ್ಟರಿನ ಕೆಳಗೆ ಈ ಗಾಜಿನ ಬಟ್ಟಲು ಇದೆಯಲ್ಲ, ಹತ್ರ ಬಂದು ನೋಡಿ. ಮೇಲೆ ಹಳದಿ ಡೀಸೆಲ್ಲು, ಕೆಳಗೆ ಬೇರೆಯಾಗಿ ಒಂದು ಬೆರಳು ನಿಂತಿರೋದು ನೀರು, ಎರಡೂ ಸೇರೋ ಗೆರೆಲಿ ಕಪ್ಪಗೆ ಲೋಳೆ. ಅದು ಕಸ ಅನ್ಕೋಬೇಡಿ, ಡೀಸೆಲ್ಲಲ್ಲಿ ನೀರಿದ್ರೆ ಬೆಳೆಯೋ ಸೂಕ್ಷ್ಮಜೀವಿ. ಟ್ಯಾಂಕ್ ಅರ್ಧ ಖಾಲಿ ಬಿಟ್ರೆ ಮಲೆನಾಡಿನ ತೇವಕ್ಕೆ ಒಳಗಡೆ ಬೆವರು ಬಂದು ಹಾಗೇ ನೀರಾಗಿ ಇಳಿಯತ್ತೆ, ಅದಕ್ಕೆ ಮಳೆಗಾಲದಲ್ಲಿ ಯಾವಾಗ್ಲೂ ಟ್ಯಾಂಕ್ ಫುಲ್ ಇಡೋದು. ಕೆಳಗಿನ ಸ್ಕ್ರೂ ಬಿಟ್ಟು ನೀರು ತೆಗೆದೆ, ಫಿಲ್ಟರ್ ಬದಲಾಯಿಸಿದೆ, ಈಗ ಏರ್ ತೆಗೆಯೋದು. ಫಿಲ್ಟರ್ ತಲೆ ಮೇಲಿನ ಸ್ಕ್ರೂ ಎರಡು ಸುತ್ತು ಸಡಿಲ ಮಾಡಿ ಈ ಲಿವರ್ ಒತ್ತುತ್ತಾ ಇರ್ಬೇಕು, ಮೊದ್ಲು ನೊರೆ ನೊರೆಯಾಗಿ ಬರತ್ತೆ, ಆಮೇಲೆ ಗುಳ್ಳೆ ಕಮ್ಮಿ, ಆಮೇಲೆ ಬರೀ ಡೀಸೆಲ್ಲು, ಆಗ ಒತ್ತುತ್ತಾನೇ ಸ್ಕ್ರೂ ಬಿಗಿ ಮಾಡೋದು. ಅಪ್ಪಯ್ಯ ಕಲಿಸಿದ್ದೂ ಇದೇ, ಗುಳ್ಳೆ ನಿಂತ ಮೇಲೂ ಹತ್ತು ಸಲ ಒತ್ತು ಅಂತಿದ್ರು.

ಈಗ ಇವತ್ತಿನ ಮುಖ್ಯ ಕೆಲ್ಸ, ವಾಟರ್ ಪಂಪ್.

ಈ ಎಂಜಿನ್ ತಣ್ಣಗಾಗೋದು ಹಿನ್ನೀರಿನ ನೀರಿಂದಾನೇ, ದೋಣಿ ತಳದ ತೂತಿಂದ ನೀರು ಎಳ್ಕೊಂಡು, ಎಂಜಿನ್ ಸುತ್ತ ಹರಿಸಿ, ಹಿಂದೆ ಸೈಲೆನ್ಸರ್ ಪೈಪಲ್ಲಿ ಹೊಗೆ ಜೊತೆ ಹೊರಗೆ ಹಾಕತ್ತೆ. ಎಳೆಯೋದು ಒಂದು ರಬ್ಬರಿನ ಇಂಪೆಲ್ಲರ್, ಅಂಗೈಯಲ್ಲಿ ಹಿಡಿಯತ್ತೆ ಅಷ್ಟೇ, ಆರು ರೆಕ್ಕೆ. ನೀರಿಲ್ದೆ ಒಂದೆರಡು ನಿಮಿಷ ತಿರುಗಿದ್ರೂ ಸಾಕು ರೆಕ್ಕೆ ಸುಟ್ಟು ಹರಿದು ಹೋಗತ್ತೆ. ಹೋದ ವರ್ಷ ಆಷಾಢದಲ್ಲಿ, ಕೊಳೆರೋಗಕ್ಕೆ ಔಷಧಿ ಹೊಡೆಯೋಕೆ ಅಂತ ಮೈಲುತುತ್ತ ಸುಣ್ಣ ಎರಡು ಡ್ರಮ್ಮು ಹಾಕ್ಕೊಂಡು ನಾವಿಬ್ರು, ಕೆಲ್ಸದವ್ರಿಬ್ರು ಹೊರಟಿದ್ವಿ. ನಡು ನೀರಿಗೆ ಬಂದಾಗ ರಬ್ಬರ್ ಸುಟ್ಟ ವಾಸನೆ, ತಿರುಗಿ ನೋಡ್ತೀನಿ ಹಿಂದಿನ ಪೈಪಲ್ಲಿ ನೀರೇ ಇಲ್ಲ, ಬರೀ ಬಿಳಿ ಹಬೆ. ತಕ್ಷಣ ಆಫ್ ಮಾಡಿದ್ವಿ. ಗಾಳಿ ದೋಣಿನ ಅಡ್ಡ ತಿರುಗಿಸ್ತಾ ಇತ್ತು, ಮಳೆ ಅಂದ್ರೆ ಆಚೆ ದಡ ಕಾಣದ ಮಳೆ. ನಮ್ಮನೆಯವ್ರು ಹುಟ್ಟು ಹಾಕಿ ಹಾಕಿ ನೀರಿಂದ ಮೇಲೆ ಬಂದಿದ್ದ ಒಂದು ಒಣ ಮರಕ್ಕೆ ಹಗ್ಗ ಬಿಗಿದ್ರು, ಅಲ್ಲೇ ಎರಡು ಗಂಟೆ ಕೂತಿದ್ವಿ. ನನಗೆ ಕೈ ನಡುಗ್ತಿತ್ತು, ಚಳಿಗೋ ಹೆದರಿಕೆಗೋ ಗೊತ್ತಾಗ್ಲಿಲ್ಲ.

ಅದಕ್ಕೆ ಹದಿನೈದು ದಿನ ಮುಂಚೆ ಒಬ್ಬರ ಹತ್ರ ದುಡ್ಡು ಕೊಟ್ಟು ಇಂಪೆಲ್ಲರ್ ಬದಲಾಯಿಸಿದ್ವಿ. ಹೊಸದು ಹಾಕಿದ್ರು, ನಿಜ. ಆದ್ರೆ ಹಳೇದ್ರಲ್ಲಿ ಹರಿದ ರೆಕ್ಕೆ ಎಲ್ಲಿ ಹೋಯ್ತು ಅಂತ ಹುಡುಕಿರ್ಲಿಲ್ಲ. ಮನೆಗೆ ಬಂದು ನಾನೇ ಬಿಚ್ಚಿದಾಗ ಪಂಪಿನ ಆಚೆ ಎಲ್ಬೋಲಿ, ಅಂದ್ರೆ ಪೈಪ್ ಬಾಗೋ ಜಾಗದಲ್ಲಿ, ಎರಡು ರಬ್ಬರ್ ತುಂಡು, ಹುಣಸೆ ಬೀಜದಷ್ಟು, ಅಡ್ಡ ಸಿಕ್ಕಿಕೊಂಡು ನೀರಿನ ದಾರಿನೇ ಮುಚ್ಚಿದ್ವು. ಅಷ್ಟು ಚಿಕ್ಕದಕ್ಕೆ ನಾಲ್ಕು ಜನ ನಡು ನೀರಲ್ಲಿ. ನನಗೆ ಇವತ್ತಿಗೂ ಸಿಟ್ಟು ಬರತ್ತೆ.

ಸರಿ, ಬಿಚ್ಚೋಣ. ಮೊದ್ಲು ತಳದ ನೀರಿನ ವಾಲ್ವ್ ಬಂದ್ ಮಾಡ್ಬೇಕು, ಇಲ್ದಿದ್ರೆ ದೋಣಿ ಒಳಗೆ ನೀರು ನುಗ್ಗತ್ತೆ. ಬಂದ್ ಮಾಡಿದ ಕೂಡ್ಲೆ ಎಂಜಿನ್ ಕೀ ತಂದು ಅದೇ ವಾಲ್ವಿನ ಹಿಡಿಗೆ ದಾರದಲ್ಲಿ ಕಟ್ತೀನಿ, ಆಗ ವಾಲ್ವ್ ಮುಟ್ಟದೆ ಯಾರೂ ಸ್ಟಾರ್ಟ್ ಮಾಡೋಕಾಗಲ್ಲ. ಪಂಪಿನ ಮುಚ್ಚಳ ಇರೋದು ಹಿಂದಿನ ಗೋಡೆ ಕಡೆ ಮುಖ ಮಾಡಿ, ನೇರ ನೋಡೋಕೆ ಆಗೋದೇ ಇಲ್ಲ. ಎಡಗೈಲಿ ಮೊಬೈಲ್ ಸೆಲ್ಫಿ ಕ್ಯಾಮೆರಾ ಹಿಡ್ಕೊಂಡು, ಬಲಗೈ ಎಂಜಿನ್ ಸುತ್ತ ಬಳಸಿ, ಕುತ್ತಿಗೆ ಓರೆ ಮಾಡಿ ಆರು ಸ್ಕ್ರೂ ಬಿಚ್ಚೋದು, ಅದೂ ಹಿತ್ತಾಳೆ ಸ್ಕ್ರೂ. ತಳಕ್ಕೆ ಬಿದ್ರೆ ಮ್ಯಾಗ್ನೆಟ್ ಇಳಿಸಿದ್ರೂ ಹಿತ್ತಾಳೆ ಹಿಡಿಯಲ್ಲ, ಅದಕ್ಕೆ ಕೆಳಗೆ ಹಳೇ ಪಂಚೆ ಹಾಸಿದ್ದೀನಿ. ಮಗಳು ಮೇಲೆ ಕೂತು ಟಾರ್ಚ್ ಹಿಡಿದಿದ್ದಾಳೆ, ಬಿಚ್ಚಿದ ಒಂದೊಂದು ಸ್ಕ್ರೂನೂ ಅವಳ ಅಂಗೈಗೆ.

ಇಂಪೆಲ್ಲರ್ ಹೊರಗೆ ಬಂತು. ರೆಕ್ಕೆ ಎಣಿಸೋಣ. ಒಂದು, ಎರಡು, ಮೂರು, ನಾಲ್ಕು, ಐದು.

ಆರನೇದು ಬುಡದಿಂದಾನೇ ಇಲ್ಲ. ಮಿಕ್ಕಿದ್ರಲ್ಲೂ ಎರಡಕ್ಕೆ ಬುಡದಲ್ಲಿ ಕೂದಲಿನಷ್ಟು ಬಿರುಕು, ಬಗ್ಗಿಸಿ ನೋಡಿದ್ರೆ ಮಾತ್ರ ಕಾಣ್ಸತ್ತೆ. ಏಪ್ರಿಲ್ಲಲ್ಲಿ ಒಂದಿನ ಕಮ್ಮಿ ನೀರಲ್ಲಿ ಕೆಸರು ಎಳ್ಕೊಂಡು ನೀರು ಸೋಸೋ ಜಾಲರಿ ಕಟ್ಟಿಕೊಂಡಿತ್ತು, ಆವತ್ತಿಂದೇ ಇರ್ಬೇಕು. ಎಲ್ಬೋ ಬಿಚ್ಚಿ ಬೆರಳು ಹಾಕಿದೆ, ಸಿಗ್ಲಿಲ್ಲ. ತಂತಿ ತುದಿ ಕೊಕ್ಕೆ ಮಾಡಿ ಹಾಕಿದೆ, ಇಲ್ಲ. ಹೊರಗೆ ಬಿಸಿಲೇರಿ ಗೂಡು ಹಂಡೆ ಒಲೆ ಹಾಗೆ ಕಾದಿತ್ತು, ಕಣ್ಣಿಗೆ ಬೆವರು, ನಮ್ಮನೆಯವ್ರು ಮೇಲಿಂದ ಸಾಕು ಬಾರೆ, ಮಜ್ಜಿಗೆ ಕುಡಿದು ಮಾಡು ಅಂತಿದ್ರು. ಆಗ ಹೊಳೀತು, ಪೈಪ್ ಆ ಕಡೆ ತುದಿನೂ ಬಿಚ್ಚಿ ನೀರು ಬರೋ ದಾರಿಗೆ ಉಲ್ಟಾ ಊದಿದೆ. ಟಪ್ ಅಂತ ಪಂಚೆ ಮೇಲೆ ಬಿತ್ತು. ಹಳೇ ಇಂಪೆಲ್ಲರಿಗೆ ಜೋಡಿಸಿ ನೋಡಿದೆ, ಸರಿಯಾಗಿ ಕೂತ್ಕೊಳ್ತು, ಒಂದು ಚೂರೂ ಬಾಕಿ ಇಲ್ಲ. ಆಮೇಲೇ ಮಜ್ಜಿಗೆ.

ಹೊಸದು ಹಾಕುವಾಗ ಗ್ರೀಸ್ ಹಚ್ಚಲ್ಲ, ರಬ್ಬರಿಗೆ ಒಳ್ಳೇದಲ್ಲ, ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಸಾಕು. ರೆಕ್ಕೆ ಎಲ್ಲ ಒಂದೇ ಕಡೆ, ಪಂಪ್ ತಿರುಗೋದಕ್ಕೆ ಬಾಗಿ ಹಿಂದೆ ಬೀಳೋ ಹಾಗೆ ತಿರುಗಿಸ್ತಾ ತಳ್ಳೋದು. ಹೊಸ ಪೇಪರ್ ಗ್ಯಾಸ್ಕೆಟ್, ಆರು ಸ್ಕ್ರೂ, ಎದುರು ಬದುರು ಸ್ವಲ್ಪ ಸ್ವಲ್ಪವಾಗಿ ಬಿಗಿ. ಕೀ ಬಿಚ್ಚಿ ವಾಲ್ವ್ ಓಪನ್, ಬ್ಯಾಟರಿ ಕನೆಕ್ಟ್, ಸ್ಟಾರ್ಟ್.

ಹಿಂದೆ ನೋಡಿ, ನಾನು ಇಲ್ಲಿ ಉಸಿರು ಬಿಗಿ ಹಿಡ್ಕೊಂಡಿದ್ದೀನಿ... ಬಂತು, ಪಚಕ್ ಪಚಕ್ ಅಂತ ನೀರು, ಹಬೆ ಇಲ್ಲ.

ಕೊನೇದು ಶಾಫ್ಟಿನ ಗ್ಲ್ಯಾಂಡ್, ಅಂದ್ರೆ ದೋಣಿ ಫ್ಯಾನ್ ತಿರುಗಿಸೋ ಕಂಬಿ ಹೊರಗೆ ಹೋಗೋ ಕಡೆ ನೀರು ಒಳಗೆ ನುಗ್ಗದ ಹಾಗೆ ದಾರ ಸುತ್ತಿ ನಟ್ಟಲ್ಲಿ ಬಿಗಿ ಮಾಡಿರೋ ಜಾಗ. ಪಂಪ್‌ಸೆಟ್ ಇರೋರಿಗೆ ಗೊತ್ತು, ಗ್ಲ್ಯಾಂಡ್ ದಾರ ಪೂರ್ತಿ ಬಿಗಿ ಮಾಡಿ ಸೋರೋದನ್ನ ನಿಲ್ಲಿಸಿದ್ರೆ ಬಿಸಿಯಾಗಿ ಶಾಫ್ಟೇ ಸವೆಯತ್ತೆ, ದೋಣಿಲೂ ಅಷ್ಟೇ, ತಿರುಗುವಾಗ ಹನಿ ಹನಿ ಬರ್ಲೇಬೇಕು. ನಟ್ಟನ್ನ ಕಾಲು ಸುತ್ತು ತಿರುಗಿಸಿದೆ, ಗೇರ್ ಹಾಕಿದ್ವಿ, ಮಗಳು ಹೊಟ್ಟೆ ಮೇಲೆ ಮಲಗಿ ಟಾರ್ಚ್ ಬಿಟ್ಟು ನನ್ನ ವಾಚ್ ನೋಡ್ತಾ ಹನಿ ಎಣಿಸ್ತಿದ್ದಾಳೆ.

ಅಮ್ಮಾ, ನಿಮಿಷಕ್ಕೆ ನಾಲ್ಕು.

ಇರ್ಲಿ ಪುಟ್ಟಿ, ಇನ್ನೊಂದು ನಿಮಿಷ ಎಣಿಸು.