ಯಾವ ಷೇರು ಎನ್ನುವ ಮೊದಲು ಯಾವ ಖಾತೆ

ಎಲ್ಲರಿಗೂ ನಮಸ್ಕಾರ. ಕೆನಡಾದಲ್ಲಿ ನಮ್ಮವರು ನಾಲ್ಕು ಜನ ಸೇರಿದ ಕಡೆ ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ: "ಸಾರ್, ಈಗ ಯಾವ ಷೇರು ತಗೊಳ್ಳೋದು?" ಇವತ್ತು ಅದಕ್ಕೆ ನಾನು ಉತ್ತರ ಕೊಡುವುದಿಲ್ಲ. ಈ ದೇಶದಲ್ಲಿ ಅದೇ ಷೇರು ಬೇರೆ ಖಾತೆಯಲ್ಲಿದ್ದರೆ ಕೈಗೆ ಸಿಗುವ ದುಡ್ಡೇ ಬೇರೆ. ಅದನ್ನು ಮೊದಲು ನೋಡೋಣ.

ಟಿಎಫ್‌ಎಸ್‌ಎ ಅನ್ನುವ ತೆರಿಗೆ ಇಲ್ಲದ ಉಳಿತಾಯ ಖಾತೆ 2009ರಲ್ಲಿ ಶುರುವಾಯಿತು; ಷೇರನ್ನೂ ಅಲ್ಲಿಡಬಹುದು. ಅದರೊಳಗಿನ ಲಾಭಕ್ಕೆ ತೆರಿಗೆ ಇಲ್ಲ, ಹಣ ತೆಗೆದಾಗಲೂ ಇಲ್ಲ. ಮೊದಲಿನಿಂದ ಅರ್ಹರಾಗಿದ್ದವರಿಗೆ 2025ರವರೆಗೆ ಹಣ ಹಾಕಲು ಸೇರಿದ ಒಟ್ಟು ಮಿತಿ 1,02,000 ಡಾಲರ್. ಹೊಸದಾಗಿ ಬಂದವರು ಎಡವುವುದು ಈ ಸಂಖ್ಯೆ ಕೇಳಿಯೇ. ನೀವು 2022ರಲ್ಲಿ ಇಲ್ಲಿಯ ನಿವಾಸಿಯಾಗಿದ್ದರೆ ಲೆಕ್ಕ ಅಲ್ಲಿಂದಲೇ ಶುರು. 2025ರವರೆಗೆ ನಿಮಗೆ ಸಿಗುವುದು 26,500 ಡಾಲರ್ ಮಾತ್ರ. ಮೀರಿ ಹಾಕಿದ ಹಣಕ್ಕೆ ತಿಂಗಳಿಗೆ ಶೇ. 1ರಷ್ಟು ತೆರಿಗೆ ಬೀಳುತ್ತದೆ. ಇನ್ನೊಂದು ಮಾತು. ತೆಗೆದ ಹಣವನ್ನು ಮತ್ತೆ ಹಾಕುವ ಜಾಗ ತೆರೆಯುವುದು ಮುಂದಿನ ಜನವರಿ 1ಕ್ಕೆ. ಮಿತಿ ಪೂರ್ತಿ ಬಳಸಿದವರು ಮೇ ತಿಂಗಳಲ್ಲಿ ತೆಗೆದು ಆಗಸ್ಟ್‌ನಲ್ಲಿ ವಾಪಸ್ ಹಾಕಿದರೆ ದಂಡ ಖಚಿತ.

"ತೆರಿಗೆ ಇಲ್ವಲ್ಲ, ಹಾರಾಡೋ ಷೇರು ಅಲ್ಲೇ ಇಡೋಣ" ಅನ್ನುತ್ತಾರೆ ಹುಡುಗರು. ಷೇರು ಏರಿದರೆ ಸರಿ. ಬಿದ್ದರೆ ಆ ನಷ್ಟವನ್ನು ಬೇರೆ ಲಾಭದ ಎದುರು ತೋರಿಸಲು ಬರುವುದಿಲ್ಲ. ಕಳೆದುಕೊಂಡ ಮೊತ್ತದಷ್ಟು ಜಾಗವೂ ಹೋಯಿತು. ಅದು ಮತ್ತೆ ಬರುವುದಿಲ್ಲ.

ಅಮೆರಿಕದ ಷೇರುಗಳ ಡಿವಿಡೆಂಡ್, ಅಂದರೆ ಕಂಪನಿ ಲಾಭದಲ್ಲಿ ಹಂಚುವ ಪಾಲಿನ ವಿಷಯ ಕೇಳುವವರು ಕಡಿಮೆ, ಕೇಳಬೇಕಾದವರು ಜಾಸ್ತಿ. ಅಲ್ಲಿಯ ಕಂಪನಿ ಡಿವಿಡೆಂಡ್ ಕೊಟ್ಟಾಗ ಅಮೆರಿಕ ಶೇ. 15 ಹಿಡಿದುಕೊಳ್ಳುತ್ತದೆ. ಟಿಎಫ್‌ಎಸ್‌ಎ ಒಳಗಿದ್ದರೆ ಆ ಹಣ ಹೋದಂತೆಯೇ. ನಿವೃತ್ತಿಗೆ ಕೂಡಿಡುವ ಆರ್‌ಆರ್‌ಎಸ್‌ಪಿ ಖಾತೆಯಲ್ಲಿ ನೇರವಾಗಿ ಇಟ್ಟರೆ ಎರಡು ದೇಶಗಳ ಒಪ್ಪಂದದ ಪ್ರಕಾರ ಹಿಡಿಯುವಂತಿಲ್ಲ. ಆದರೆ ಕೆನಡಾದ ಇಟಿಎಫ್, ಅಂದರೆ ಹಲವು ಷೇರು ಒಟ್ಟಿಗಿರುವ ನಿಧಿಯ ಮೂಲಕ ಕೊಂಡರೆ ಈ ರಿಯಾಯಿತಿ ಸಿಗುವುದಿಲ್ಲ. ಇನ್ನು ಕೆನಡಾದ ಬ್ಯಾಂಕುಗಳ ಷೇರಿನ ಡಿವಿಡೆಂಡ್‌ಗೆ ಈ ಎರಡೂ ಅಲ್ಲದ ಸಾಮಾನ್ಯ ಖಾತೆಯಲ್ಲೂ ತೆರಿಗೆಯಲ್ಲಿ ವಿನಾಯಿತಿ ಉಂಟು. ಅವನ್ನು ಅಲ್ಲಿಡಲು ಹೆದರಬೇಕಿಲ್ಲ.

"ಸಾಮಾನ್ಯ ಖಾತೆಯಲ್ಲಿ ನಷ್ಟದಲ್ಲಿರೋದನ್ನ ಮಾರಿ, ಆ ನಷ್ಟನ ಬೇರೆ ಲಾಭದ ಎದುರು ತೋರಿಸಿ, ಮತ್ತೆ ಕೊಂಡರೆ ಆಗಲ್ವಾ?" ಮಾರಿದ ದಿನಕ್ಕೆ 30 ದಿನ ಹಿಂದೆ ಇಲ್ಲವೇ 30 ದಿನ ಮುಂದೆ ಅದೇ ಷೇರನ್ನು ಕೊಂಡು ಕೈಯಲ್ಲಿ ಉಳಿಸಿಕೊಂಡಿದ್ದರೆ ಆ ನಷ್ಟವನ್ನು ಆಗ ಒಪ್ಪುವುದಿಲ್ಲ. ಗಂಡ ಮಾರಿ ಹೆಂಡತಿ ಕೊಂಡರೂ ಅಷ್ಟೇ, ಆರ್‌ಆರ್‌ಎಸ್‌ಪಿಯಲ್ಲಿ ಕೊಂಡರೂ ಅಷ್ಟೇ.

ಈಗ ನನಗೆ ನಿಜಕ್ಕೂ ಚಿಂತೆ ಹುಟ್ಟಿಸುವ ಪ್ರಶ್ನೆ: "ನಮ್ಮ ಕಂಪನಿ ಷೇರೇ ಚೆನ್ನಾಗಿದೆ, ಮಾರೋದ್ಯಾಕೆ?" ದೂರಸಂಪರ್ಕ ಉಪಕರಣಗಳ ಕಂಪನಿ ನಾರ್ಟೆಲ್ ನೆನಪಿಸಿಕೊಳ್ಳಿ. ಇಲ್ಲೇ ಬ್ರಾಂಪ್ಟನ್‌ನಲ್ಲಿ ಅದರ ಮುಖ್ಯ ಕಚೇರಿ ಇತ್ತು. 2000ದ ಬೇಸಿಗೆಯಲ್ಲಿ ಅದರ ಷೇರು 120 ಡಾಲರ್ ದಾಟಿತ್ತು. ಟೊರೊಂಟೊ ಸೂಚ್ಯಂಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಅದೊಂದೇ ಕಂಪನಿ. 2002ರಲ್ಲಿ ಅದು ಒಂದು ಡಾಲರಿಗಿಂತ ಕೆಳಗೆ ಬಿತ್ತು, 2009ರಲ್ಲಿ ದಿವಾಳಿಯ ಅಂಚಿಗೆ ಬಂದು ಕೋರ್ಟಿನ ರಕ್ಷಣೆ ಕೇಳಿತು. ಸಂಬಳ ಕೊಡುವ ಕಂಪನಿಯಲ್ಲೇ ಉಳಿತಾಯವನ್ನೂ ಇಟ್ಟಿದ್ದವರಿಗೆ ಕೆಲಸ, ಹಣ ಎರಡೂ ಕೈಬಿಟ್ಟವು. ದಯವಿಟ್ಟು ಒಂದೇ ಕಂಪನಿಯ ಮೇಲೆ ಮನೆಯ ಭಾರ ಹೊರಿಸಬೇಡಿ. ಕೆನಡಾದ ಮಾರುಕಟ್ಟೆಯಲ್ಲಿ ಬ್ಯಾಂಕು, ತೈಲ, ಗಣಿಗಳದ್ದೇ ಕಾರುಬಾರು. ಹಾಗಾಗಿ ಹೊರಗಿನ ದೇಶಗಳೂ ಇರುವ ಕಡಿಮೆ ಖರ್ಚಿನ ಇಟಿಎಫ್ ಹೆಚ್ಚಿನವರಿಗೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕೊನೆಗೆ ಊರಿನ ಆಸ್ತಿ. ವಿದೇಶದಲ್ಲಿರುವ ನಿಮ್ಮ ಷೇರು, ಎಫ್‌ಡಿ, ಬಾಡಿಗೆಗೆ ಕೊಟ್ಟ ಮನೆ ಎಲ್ಲ ಸೇರಿ ಕೊಂಡ ಬೆಲೆ 1,00,000 ಕೆನಡಾ ಡಾಲರ್ ದಾಟಿದರೆ ವಿದೇಶಿ ಆಸ್ತಿಯನ್ನು ಇಲ್ಲಿಯ ತೆರಿಗೆ ಇಲಾಖೆಗೆ ತಿಳಿಸುವ ಟಿ1135 ಅರ್ಜಿ ತುಂಬಬೇಕು. ಇಲ್ಲಿಯ ಸಾಮಾನ್ಯ ಖಾತೆಯಲ್ಲಿರುವ ಅಮೆರಿಕದ ಷೇರುಗಳೂ ಈ ಲೆಕ್ಕಕ್ಕೆ ಬರುತ್ತವೆ. ನೀವು ಇಲ್ಲಿಯ ನಿವಾಸಿಯಾದ ಮೊದಲ ವರ್ಷ ಮಾತ್ರ ಈ ಅರ್ಜಿ ಬೇಡ. ತಡ ಮಾಡಿದರೆ ದಿನಕ್ಕೆ 25 ಡಾಲರ್, 2,500ರವರೆಗೆ ದಂಡ. ಊರಲ್ಲಿ ಕೊಂಡಿದ್ದ ಷೇರುಗಳಿಗೆ ಇಲ್ಲಿಯ ತೆರಿಗೆ ಲೆಕ್ಕದಲ್ಲಿ ಕೊಂಡ ಬೆಲೆ ಅಂದರೆ ನೀವು ಕೆನಡಾ ನಿವಾಸಿಯಾದ ದಿನದ ಮಾರುಕಟ್ಟೆ ಬೆಲೆ. ಅದಕ್ಕೂ ಹಿಂದಿನ ಏರಿಕೆಗೆ ಇಲ್ಲಿ ತೆರಿಗೆ ಇಲ್ಲ. ಆ ದಿನದ ಡಿಮ್ಯಾಟ್ ಸ್ಟೇಟ್‌ಮೆಂಟ್, ರೂಪಾಯಿ-ಡಾಲರ್ ದರ ಎರಡನ್ನೂ ಈ ವಾರವೇ ಹುಡುಕಿ ತೆಗೆದಿಡಿ.