ಹಾಡಿಯ ದಾರಿ, ಗ್ರಾಮಸಭೆಯ ಠರಾವು

ಕೇಳುಗರಿಗೆ ನಮಸ್ಕಾರ.

ಮೊಬೈಲ್ ಸಿಗ್ನಲ್ ಹತ್ತದ ಹಾಡಿಗಳಲ್ಲೂ, ಅಂದರೆ ಕಾಡಿನ ಆದಿವಾಸಿ ಊರುಗಳಲ್ಲೂ, ಈ ಹೊತ್ತಿಗೆ ರೇಡಿಯೊ ಹಾಡುತ್ತಿರುತ್ತದೆ ಎಂಬುದು ನನಗೆ ಗೊತ್ತು. ಅಲ್ಲಿನ ಜಗುಲಿಗಳಲ್ಲಿ ಕುಳಿತು ನಾನೂ ಕೇಳಿದ್ದೇನೆ. ಆದ್ದರಿಂದ ಇಂದಿನ ಮಾತು ಮೊದಲು ನಿಮಗೆ: ನಾಗರಹೊಳೆ, ಬಂಡೀಪುರದ ಅಂಚಿನ ಜೇನು ಕುರುಬರಿಗೆ, ಬೆಟ್ಟ ಕುರುಬರಿಗೆ, ಯರವರಿಗೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಪೋಡುಗಳಲ್ಲಿರುವ ಸೋಲಿಗರಿಗೆ. ಪಟ್ಟಣದವರೂ ಕೇಳಿ. ನಿಮಗೂ ಒಂದು ಮಾತಿದೆ, ಕೊನೆಯಲ್ಲಿ ಹೇಳುತ್ತೇನೆ.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಕಾಡೊಳಗಿನ ನಿಮ್ಮ ದಾರಿಯ ಕಡತ ನಿಮ್ಮ ಹಾಡಿಯ ಗ್ರಾಮಸಭೆಯಲ್ಲಿ ಹುಟ್ಟಬೇಕು. ಠರಾವು ಇಲ್ಲದೆ ದಾರಿ ಇಲ್ಲ. ಇದನ್ನು ಈ ಹದಿನೈದು ನಿಮಿಷದಲ್ಲಿ ನಾಲ್ಕೈದು ಬಾರಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೆನಪಿನಲ್ಲಿ ಉಳಿಯಬೇಕಾದ ಮಾತು ಇದು.

ದಾರಿಯ ಜಗಳ ಎಲ್ಲಿಂದ ಬಂತು? ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬಂದಿತು. ಅಭಯಾರಣ್ಯದೊಳಗೆ ಯಾರು ಕಾಲಿಡಬಹುದು ಎಂಬುದನ್ನು ಅದರ 27ನೆಯ ಪ್ರಕರಣ ಹೇಳುತ್ತದೆ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರ ಹೋಗಬಹುದು. ಅನುಮತಿ ಪಡೆದವನು ಹೋಗಬಹುದು. ಒಳಗೆ ಸ್ಥಿರಾಸ್ತಿಯ ಹಕ್ಕಿರುವವನು ಹೋಗಬಹುದು. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವನೂ ಹೋಗಬಹುದು. ಈಗ ಯೋಚಿಸಿ. ಮೈಸೂರಿನಿಂದ ಕೋಳಿಕ್ಕೋಡಿಗೆ ಕಾರಿನಲ್ಲಿ ಹೊರಟವನು ಹಗಲಿನಲ್ಲಿ ಯಾರನ್ನೂ ಕೇಳದೆ ಬಂಡೀಪುರವನ್ನು ದಾಟುತ್ತಾನೆ. ಆ ಕಾಡಿನಲ್ಲೇ ಹುಟ್ಟಿದವನು ತನ್ನ ಜೀಪು ದಾರಿಯ ಗೇಟಿನ ಮುಂದೆ ಚೀಟಿ ಹಿಡಿದು ನಿಲ್ಲುತ್ತಾನೆ. ಅವನ ಬಳಿ ಹಕ್ಕುಪತ್ರ ಇರಲಿಲ್ಲ. ಅಜ್ಜ, ಮುತ್ತಜ್ಜ ನಡೆದ ದಾರಿಗೆ ಸರ್ವೆ ನಂಬರು ಇರಲಿಲ್ಲ. ಇಲಾಖೆಯ ನಕ್ಷೆಯಲ್ಲಿ ಅದು ಅರಣ್ಯ ಇಲಾಖೆಯ ರಸ್ತೆ, ಅಷ್ಟೇ.

ಇದನ್ನು ಸರಿಪಡಿಸಲು ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಜಾರಿಗೆ ಬಂದದ್ದು 2007ರ ಡಿಸೆಂಬರ್ 31ರಂದು. ಜಮೀನಿನ ಹಕ್ಕುಪತ್ರಕ್ಕೆ ಅರ್ಜಿ ಹಾಕಿದವರಿಗೆಲ್ಲ ಇದರ ಹೆಸರು ಗೊತ್ತು. ಆದರೆ ಇದೇ ಕಾಯ್ದೆಯಲ್ಲಿ ದಾರಿಯೂ ಇದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಮೂರನೆಯ ಪ್ರಕರಣದ ಎರಡನೆಯ ಉಪಪ್ರಕರಣ. ಬರೆದುಕೊಳ್ಳಿ: ಮೂರು, ಆವರಣದಲ್ಲಿ ಎರಡು. ಕಾಡಿನ ಊರಿಗೆ ಸರ್ಕಾರ ಕೊಡಬಹುದಾದ 13 ಸೌಕರ್ಯಗಳ ಪಟ್ಟಿ ಅಲ್ಲಿದೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ತಂತಿ, ಕುಡಿಯುವ ನೀರು ಹೀಗೆ ಸಾಗಿ ಹನ್ನೆರಡನೆಯದಾಗಿ ರಸ್ತೆ ಬರುತ್ತದೆ. ಕಾಯ್ದೆಯ ಪ್ರಕಾರ ಕಾಡು ಎಂದರೆ ಅಭಯಾರಣ್ಯವೂ ಸೇರಿತು, ರಾಷ್ಟ್ರೀಯ ಉದ್ಯಾನವೂ ಸೇರಿತು.

ಷರತ್ತು ಮೂರು. ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು. ಕಡಿಯುವ ಮರ ಹೆಕ್ಟೇರಿಗೆ 75ನ್ನು ಮೀರಬಾರದು. ಮೂರನೆಯದು, ಗ್ರಾಮಸಭೆಯ ಶಿಫಾರಸು ಇರಬೇಕು. ಮೊದಲ ಎರಡನ್ನೂ ಅಧಿಕಾರಿಗಳು ಬಾಯಿಪಾಠವಾಗಿ ಹೇಳುತ್ತಾರೆ. ಮೂರನೆಯದು ನಿಮ್ಮ ಕೈಯಲ್ಲಿರುವುದು. ಅದನ್ನು ನೀವೇ ಬಿಟ್ಟುಕೊಟ್ಟರೆ ಮಾಡುವುದೇನು?

ಒಂದು ಹೆಕ್ಟೇರ್ ಎಂದರೆ ಎಷ್ಟು ಎಂದು ತಿಳಿಸಲು ಒಂದು ಹಾಡಿಯ ಕಥೆ ಹೇಳಬೇಕು. ನನ್ನ ವಕೀಲಿ ಬದುಕಿನಲ್ಲಿ ನನಗೆ ಬಹಳ ಪ್ರಿಯವಾದದ್ದು ಇದೇ.

ಹಾಡಿಯ ಹೆಸರು ಬೇಡ. ಡಾಂಬರು ರಸ್ತೆಯಿಂದ ಒಳಗೆ ಒಂದು ಹಳೆಯ ಬಂಡಿದಾರಿ. ಮಳೆಗಾಲದಲ್ಲಿ ಪಡಿತರದ ಗಾಡಿ ಡಾಂಬರಿನ ಬದಿಯಲ್ಲೇ ನಿಂತುಬಿಡುತ್ತಿತ್ತು. ಅಂತ್ಯೋದಯ ಕಾರ್ಡಿನ 35 ಕಿಲೋ ಅಕ್ಕಿಯನ್ನು ಹೆಂಗಸರು ಎರಡು ಹೊರೆ ಮಾಡಿ, ತಲೆಯ ಮೇಲಿಟ್ಟು, ಕೆಸರಿನಲ್ಲಿ ಎರಡು ಸಲ ಹೋಗಿಬರುತ್ತಿದ್ದರು. ದಾರಿಗೆ ಜಲ್ಲಿ ಹಾಕಿಕೊಡಿ ಎಂಬ ಮನವಿ ಎರಡು ವರ್ಷ ಸುತ್ತಾಡಿ ಹಿಂದಕ್ಕೆ ಬಂದಿತ್ತು. ಕಾರಣ: ಬೇಕಾದ ಜಾಗ ಒಂದು ಹೆಕ್ಟೇರಿಗಿಂತ ಹೆಚ್ಚು. ನಾನು ಹೋದಾಗ ಆ ಹಿಂಬರಹವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದರು.

ಅಲ್ಲೊಬ್ಬ ಅಜ್ಜಿ. ವಯಸ್ಸು ಎಪ್ಪತ್ತಾದರೂ ಇರಬೇಕು. ಓದು ಬರಹ ಇಲ್ಲ. ಆಕೆ ಕೇಳಿದ ಪ್ರಶ್ನೆಯನ್ನು ಎರಡು ವರ್ಷದಲ್ಲಿ ಓದಿದವರು ಯಾರೂ ಕೇಳಿರಲಿಲ್ಲ. "ಅವ್ವಾ, ಹೆಚ್ಚಾಯಿತು ಎನ್ನುತ್ತಾರಲ್ಲ, ಅಳೆದವರು ಯಾರು?"

ನಿಜವಾಗಿ ಯಾರೂ ಅಳೆದಿರಲಿಲ್ಲ. ಕಡತ ತೆಗೆಸಿ ನೋಡಿದೆ. ಉದ್ದ 2,700 ಮೀಟರ್ ಎಂದು ಹಳೆಯ ನಕ್ಷೆಯಿಂದ ಎತ್ತಿಕೊಂಡಿದ್ದರು. ಅಗಲಕ್ಕೆ 6 ಮೀಟರ್ ಹಾಕಿದ್ದರು. ಗುಣಿಸಿದರೆ 16,200 ಚದರ ಮೀಟರ್. ಹೆಕ್ಟೇರ್ ಎಂದರೆ 10,000. ಅಲ್ಲಿಗೆ ಮುಗಿಯಿತು. ಆ ಬಂಡಿದಾರಿಯ ಮೇಲೆ 6 ಮೀಟರ್ ಅಗಲ ಯಾರಿಗೆ ಬೇಕಿತ್ತು? ಹಾಡಿಯವರು ಕೇಳಿರಲಿಲ್ಲ. ಮೇಜಿನ ಮುಂದೆ ಕುಳಿತವರು ಬರೆದರು, ಅಷ್ಟೇ.

ಮರುದಿನ ಬೆಳಿಗ್ಗೆ ಅಜ್ಜಿ ಬಾವಿಯ ಹಗ್ಗ ಬಿಚ್ಚಿಸಿದಳು. ಶಾಲೆಯ ಮಾಸ್ತರರ ಅಳತೆಪಟ್ಟಿ ಇಟ್ಟು 30 ಮೀಟರಿಗೆ ಗಂಟು ಹಾಕಿದೆವು. ಇಬ್ಬರು ಹುಡುಗರು ಹಗ್ಗ ಹಿಡಿದರು. ಒಂದು ಹಗ್ಗ ಮುಗಿದಾಗಲೆಲ್ಲ ಒಬ್ಬ ಹುಡುಗಿ ಮಡಿಲಿನಿಂದ ಒಂದು ಹುಣಸೆಬೀಜ ತೆಗೆದು ಡಬ್ಬಿಗೆ ಹಾಕಿದಳು. ಹಾಡಿಯ ಅರ್ಧಕ್ಕಿಂತ ಹೆಚ್ಚು ಜನ ಹಿಂದೆ ನಡೆದರು. ಬಂಡಿಯ ಎರಡು ಗಾಲಿ, ಎರಡೂ ಕಡೆ ಒಬ್ಬೊಬ್ಬರು ನಡೆಯುವಷ್ಟು ಜಾಗ ಬಿಟ್ಟರೆ ಅಗಲ 3.5 ಮೀಟರ್ ಸಾಕೆಂದು ಯಜಮಾನರು ನಡೆದು ತೋರಿಸಿದರು. ದಾರಿಗೆ ಅಡ್ಡ ಬರುವ ಪ್ರತಿ ಮರಕ್ಕೂ ಸುಣ್ಣದ ಬೊಟ್ಟು. ಅರ್ಧ ದಾರಿಯಲ್ಲಿ ಒಂದು ದೊಡ್ಡ ನೇರಳೆ ಮರ ಸಿಕ್ಕಿತು. ಸುಣ್ಣದ ಹುಡುಗ ಕೈ ಎತ್ತಿದ್ದನ್ನು ಅಜ್ಜಿ ತಡೆದಳು. "ಇದರ ಹಣ್ಣಿಗೆ ಕರಡಿ ಬರುತ್ತದೆ, ನಾವೂ ಬರುತ್ತೇವೆ. ದಾರಿ ಬಳಸಿಕೊಂಡು ಹೋಗಲಿ." ಬಳಸಿದರೆ ಇನ್ನೂ ಎರಡು ಹಗ್ಗದಷ್ಟು ದೂರ ಹೆಚ್ಚಾಗುತ್ತದೆ ಎಂದು ಹುಡುಗರು ಗೊಣಗಿದರು. ಆಗಲಿ ಎಂದಳು.

ಸಂಜೆ ಡಬ್ಬಿಯನ್ನು ಜಗುಲಿಯ ಮೇಲೆ ಸುರಿದು ಎಣಿಸಿದೆವು. 92 ಬೀಜ. ಅಂದರೆ 2,760 ಮೀಟರ್. ಅದನ್ನು 3.5ರಿಂದ ಗುಣಿಸಿ. 9,660 ಚದರ ಮೀಟರ್. ನೇರಳೆ ಮರ ಉಳಿಸಿಕೊಂಡೂ ಒಂದು ಹೆಕ್ಟೇರಿನ ಒಳಗೆ! ಸುಣ್ಣದ ಬೊಟ್ಟು ಬಿದ್ದ ಮರ 11 ಮಾತ್ರ. ಆ ಜಗುಲಿಯಲ್ಲಿ ಆಗ ಎದ್ದ ಗದ್ದಲ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅಂದೇ ರಾತ್ರಿ ಗ್ಯಾಸ್‌ಲೈಟ್ ಬೆಳಕಿನಲ್ಲಿ ಠರಾವು ಬರೆದೆವು. ಉದ್ದ, ಅಗಲ, ಮರಗಳ ಎಣಿಕೆ, ನೇರಳೆ ಮರವನ್ನು ಬಳಸಿ ಹೋಗಬೇಕು ಎಂಬ ಮಾತು, ಎಲ್ಲವೂ ನಡವಳಿ ಪುಸ್ತಕದಲ್ಲಿ ಬಂದವು. ಅಜ್ಜಿಯ ಹೆಬ್ಬೆಟ್ಟು ಮೊದಲ ಸಾಲಿನಲ್ಲಿದೆ. ಅದರ ಮೇಲೆ ವಲಯ ಅರಣ್ಯಾಧಿಕಾರಿ ಸ್ಥಳಕ್ಕೆ ಬಂದರು. ಒಳ್ಳೆಯ ಮನುಷ್ಯ, ಹೇಳಲೇಬೇಕು. ತಾವೇ ಟೇಪು ಹಿಡಿದು ಮೂರು ಕಡೆ ಅಳತೆ ನೋಡಿದರು, ಎಲ್ಲಿಯೂ ಗೇಣು ವ್ಯತ್ಯಾಸ ಬರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ದಾರಿಗೆ ಜಲ್ಲಿ ಬಿತ್ತು. ಈಗ ಪಡಿತರದ ಗಾಡಿ ಹಾಡಿಯ ಮುಂದೆಯೇ ನಿಲ್ಲುತ್ತದೆ.

ಎರಡು ವರ್ಷದ ಮನವಿಗೆ ಆಗದ ಕೆಲಸ ಒಂದು ಠರಾವಿಗೆ ಆಯಿತು. ಮನವಿಯಲ್ಲಿ ನೀವು ಬೇಡುತ್ತೀರಿ. ಠರಾವಿನಲ್ಲಿ ಕಾನೂನು ನಿಮಗೆ ಕೊಟ್ಟಿರುವ ಅಧಿಕಾರ ಚಲಾಯಿಸುತ್ತೀರಿ. ಮಂತ್ರಿಗಳ ಕಾರಿಗೆ ಅಡ್ಡ ನಿಂತು ಕೊಡುವ ಮನವಿಪತ್ರಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅದಕ್ಕೆ ಹಾಕುವ ಶ್ರಮದಲ್ಲಿ ಅರ್ಧದಷ್ಟನ್ನು ಗ್ರಾಮಸಭೆಗೆ ಹಾಕಿ ಎಂದು ಕೈಮುಗಿದು ಕೇಳುತ್ತೇನೆ.

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಗ್ರಾಮಸಭೆ ಎಂದರೆ ಪಂಚಾಯಿತಿ ಕಟ್ಟಡದಲ್ಲಿ ನಡೆಯುವ ಸಭೆ ಎಂದುಕೊಳ್ಳಬೇಡಿ. ಈ ಕಾಯ್ದೆಗೆ ನಿಮ್ಮ ಹಾಡಿಯೇ, ನಿಮ್ಮ ಪೋಡೇ ಗ್ರಾಮಸಭೆ. 2012ರ ತಿದ್ದುಪಡಿ ನಿಯಮದ ಪ್ರಕಾರ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರರಲ್ಲೊಂದು ಭಾಗವಾದರೂ ಹೆಂಗಸರಿರಬೇಕು. ಹೆಂಗಸರು ಕೂಲಿಗೆ ಹೋಗಿರುವ ಹೊತ್ತಿನಲ್ಲಿ ಸಭೆ ಕರೆಯಬೇಡಿ. ರಸ್ತೆ ಮಾಡಿಸುವ ಇಲಾಖೆ ಠರಾವು ಸೇರಿಸಿ ವಲಯ ಅರಣ್ಯಾಧಿಕಾರಿಗೆ ಪ್ರಸ್ತಾವ ಕೊಡುತ್ತದೆ. ಒಪ್ಪಿಗೆ ಕೊಡುವುದು ವಿಭಾಗದ ಅರಣ್ಯಾಧಿಕಾರಿ. ಅವರು ಒಪ್ಪದಿದ್ದರೆ ವಿಷಯ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ದೆಹಲಿಗೆ ಹೋಗಬೇಕು ಎಂದು ಯಾರಾದರೂ ಹೇಳಿದರೆ 2009ರ ಮೇ 18ರ ಕೇಂದ್ರದ ಮಾರ್ಗಸೂಚಿ ತೋರಿಸಿ.

ಜೇನು, ನೆಲ್ಲಿಕಾಯಿ, ಸೀಗೆ ಸಾಗಿಸುವವರಿಗೆ ಒಂದು ಮಾತು. ಇದೇ ಕಾಯ್ದೆಯ 2008ರ ನಿಯಮದಲ್ಲಿ ಸಾಗಣೆಗೆ ತಲೆಹೊರೆ, ಸೈಕಲ್, ಕೈಗಾಡಿ ಎಂದು ಬರೆದಿತ್ತು. ಚೆಕ್‌ಪೋಸ್ಟಿನಲ್ಲಿ ಕೆಲವರು ಇಂದಿಗೂ ಅದನ್ನೇ ಹೇಳುತ್ತಾರೆ. 2012ರಲ್ಲಿ ಅದು ಬದಲಾಯಿತು. ಸೂಕ್ತವಾದ ಯಾವುದೇ ಸಾಗಣೆ ಸಾಧನ, ಕಾಡಿನ ಒಳಗೂ ಹೊರಗೂ ಎಂದು ಈಗಿನ ನಿಯಮ ಹೇಳುತ್ತದೆ. ಆಟೋದಲ್ಲಿ ನೆಲ್ಲಿಕಾಯಿ ಮೂಟೆ ತಂದವನು ತಪ್ಪು ಮಾಡಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳು 2011ರಲ್ಲೇ, ಹುಲಿ ಸಂರಕ್ಷಿತ ಪ್ರದೇಶದೊಳಗೇ, ಸಮುದಾಯ ಹಕ್ಕುಪತ್ರ ಪಡೆದವು. ಅವರಿಗೆ ಆದದ್ದು ನಿಮಗೂ ಆಗುತ್ತದೆ.

ಇನ್ನು ಪಟ್ಟಣದವರಿಗೆ. ಕಾಡಿನಲ್ಲಿ ರಸ್ತೆ ಎಂದರೆ ಪ್ರಾಣಿಗಳು ಸಾಯುವುದಿಲ್ಲವೇ ಎಂದು ಕೇಳುತ್ತೀರಿ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಷೇಧವಿದೆ. ಉಚ್ಚ ನ್ಯಾಯಾಲಯ 2010ರಲ್ಲಿ ಅದನ್ನು ಎತ್ತಿಹಿಡಿಯಿತು. ಅದು ಬೇಕು, ಇರಲೇಬೇಕು, ನಾನು ಪೂರ್ತಿ ಅದರ ಪರ. ವೇಗವಾಗಿ ಬರುವ ಲಾರಿ ಆನೆಯನ್ನೂ ಜಿಂಕೆಯನ್ನೂ ಕೊಲ್ಲುತ್ತದೆ. ಆದರೆ ಹೆದ್ದಾರಿಗೆ ಮಾಡುವ ವಾದವನ್ನು ತಂದು ಮೂರೂವರೆ ಮೀಟರಿನ ಜಲ್ಲಿದಾರಿಗೆ ಅಂಟಿಸಬೇಡಿ. ಸಫಾರಿ ಜೀಪು ಓಡುವ ದಾರಿಯಲ್ಲಿ ಪಡಿತರದ ಗಾಡಿ ಏಕೆ ಓಡಬಾರದು? ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ 2024ರ ಏಪ್ರಿಲ್ 26ರಂದು ಮತಗಟ್ಟೆ ಧ್ವಂಸವಾಯಿತು. ಅದು ತಪ್ಪು. ಅಲ್ಲಿಯ ಜನ ಮತದಾನ ಬೇಡವೆಂದು ಕುಳಿತದ್ದು ರಸ್ತೆ, ನೀರು, ವಿದ್ಯುತ್ತಿನಂಥ ಸೌಕರ್ಯಕ್ಕಾಗಿ. ಮೂರೂ ಆ 13ರ ಪಟ್ಟಿಯಲ್ಲಿವೆ.

ಕೊನೆಯದಾಗಿ ಹಾಡಿಯ ಯುವಕರಿಗೆ, ಯುವತಿಯರಿಗೆ. ಮುಂದಿನ ಗ್ರಾಮಸಭೆಗೆ ಮೊದಲು ನಿಮ್ಮ ದಾರಿಯನ್ನು ಅಳೆಯಿರಿ. ಟೇಪು ಇಲ್ಲದಿದ್ದರೆ ಬಾವಿಯ ಹಗ್ಗ ಸಾಕು. ಉಳಿಯಬೇಕಾದ ಮರ ಯಾವುದೆಂದು ಹಿರಿಯರನ್ನು ಕೇಳಿ. ಅಳತೆಯನ್ನು ಠರಾವಿನಲ್ಲೇ ಬರೆಯಿರಿ. ಮೂರು ಪ್ರತಿ ಮಾಡಿ, ಕೊಟ್ಟ ಕಡೆಯಲ್ಲೆಲ್ಲ ಮೊಹರು, ತಾರೀಕು ಹಾಕಿಸಿಕೊಳ್ಳಿ. ತಿರಸ್ಕರಿಸಿದರೆ ಬಾಯಿಮಾತು ಒಪ್ಪಬೇಡಿ, ಹಿಂಬರಹ ಕೇಳಿ. ಆ ಹಿಂಬರಹದಲ್ಲಿ ಅಗಲ ಎಷ್ಟೆಂದು ಬರೆದಿದ್ದಾರೆ ಎಂಬುದನ್ನು ಮೊದಲು ನೋಡಿ.

ನಮಸ್ಕಾರ.